ಗಡಿಯೋ, ಅಪ್ಪಣೆಯೋ?

"ಬರೆದು ರುಜು ಹಾಕಿದ ಮೇಲೆ ಒಪ್ಪಂದವು ಒಪ್ಪಂದವೇ, ಹಳೆಯ ಪತ್ರವನ್ನು ಕೆದಕಿ ಫಲವೇನು?" ಎಂಬ ಮಾತು ಗಡಿಯ ವಿಷಯದಲ್ಲಿಯೂ ನದೀಜಲದ ವಿಷಯದಲ್ಲಿಯೂ ವಿದ್ಯಾವಂತರ ಬಾಯಲ್ಲಿಯೇ ಹೆಚ್ಚಾಗಿ ಕೇಳಬರುತ್ತದೆ. ಓದುಬರಹ ಬಲ್ಲವರಿಗೆ ಬರೆದ ಪತ್ರದಲ್ಲಿ ಗೌರವವಿರುವುದು ಸಹಜವೇ. ಆದರೆ ಪತ್ರವನ್ನು ಗೌರವಿಸತಕ್ಕವರು ಅದನ್ನು ಓದಿಯಾದರೂ ಇರಬೇಕಷ್ಟೆ. ಬರೆಸಿದವರು ಯಾರು, ರುಜು ಮಾಡಿದವರು ಯಾರು, ರುಜು ಮಾಡದೆ ಎದ್ದುಹೋಗುವ ಸ್ವಾತಂತ್ರ್ಯವು ಅವರಿಗೆ ಇದ್ದಿತೆ, ಆ ನೆಲದ ಮೇಲೆ ಬದುಕುವವರಲ್ಲಿ ಒಬ್ಬನಾದರೂ ಸಾಕ್ಷಿಯಾಗಿ ನಿಂತಿದ್ದನೆ? ಈ ನಾಲ್ಕು ಪ್ರಶ್ನೆಗಳನ್ನು ಕೇಳದೆ ಪತ್ರವೊಂದನ್ನು ಒಪ್ಪಂದವೆಂದು ಕರೆಯುವುದು ಅಂಧಪರಂಪರೆಯೇ ಹೊರತು ವಿವೇಕವಲ್ಲ. ಬ್ರಿಟಿಷರ ಕಾಲದಲ್ಲಿ ಎಳೆದ ಗಡಿಗಳಲ್ಲಿ ಅನೇಕವು ಒಪ್ಪಂದದ ವೇಷ ತೊಟ್ಟ ಅಪ್ಪಣೆಗಳೆಂಬುದನ್ನೂ, ಅಂತಹ ಅಪ್ಪಣೆಯು ಅನಂತರದವರ ಮೌನದಿಂದಲೇ ಶಾಸನವಾಗಿಬಿಡುತ್ತದೆಂಬುದನ್ನೂ ಇಲ್ಲಿ ತೋರಿಸಬೇಕಾಗಿದೆ.

ಸಖರಾಯಪಟ್ಟಣದವರಿಗೆ ಈ ವಿಚಾರವು ದೂರದ್ದೆಂದು ತೋರಬಹುದು. ಗಡಿಯೆಂಬುದು ಎಲ್ಲಿಯೋ ಬಳ್ಳಾರಿಯ ಆಚೆ, ಕಾಸರಗೋಡಿನ ಆಚೆ ಇರತಕ್ಕದ್ದೆಂದು ಮಲೆಯ ಸೆರಗಿನ ಊರುಗಳು ಭಾವಿಸುವುದುಂಟು. ಊರಿನ ಪಕ್ಕದಲ್ಲಿ ಹರಿಯುವ ನೀರು ಮಾತ್ರ ಹಾಗೆ ಭಾವಿಸುವುದಿಲ್ಲ. ಮುಳ್ಳಯ್ಯನಗಿರಿಯ ಮಗ್ಗುಲಿನಿಂದ ಇಳಿದ ಗೌರಿಹಳ್ಳವು ಅಯ್ಯನಕೆರೆಯನ್ನು ತುಂಬಿ, ಅಲ್ಲಿಂದ ಮುಂದೆ ವೇದಾ ಎಂಬ ಹೆಸರು ತಾಳಿ ಸಖರಾಯಪಟ್ಟಣದ ಮಗ್ಗುಲಲ್ಲಿ ಹಾದು, ಕಡೂರಿನ ಬಳಿಯಲ್ಲಿ ಅವತಿಯೊಡನೆ ಕೂಡಿ ವೇದಾವತಿಯಾಗುತ್ತದೆ. ಹೊಸದುರ್ಗ, ಹಿರಿಯೂರು, ಚಳ್ಳಕೆರೆಯ ಸೀಮೆಗಳನ್ನು ದಾಟಿ, ಹಗರಿಯೆಂಬ ಇನ್ನೊಂದು ಹೆಸರಿನಿಂದ ರಾಯದುರ್ಗದ ನೆಲವನ್ನು ಹೊಕ್ಕು, ಪುನಃ ಬಳ್ಳಾರಿಯ ಸೀಮೆಗೆ ಬಂದು ತುಂಗಭದ್ರೆಯನ್ನು ಸೇರುತ್ತದೆ. ಅಯ್ಯನಕೆರೆಯ ಕೆಳಗೆ ಗದ್ದೆತೋಟಗಳನ್ನು ಸಲಹುವ ಈ ನದಿಯೇ ರಾಯದುರ್ಗದ ಕಡೆಯಲ್ಲಿ ವರ್ಷದ ಬಹುಕಾಲ ಬರಿಯ ಮರಳಿನ ಹರವು. ಬೊಮ್ಮನಹಾಳು, ಕಣೇಕಲ್ಲುಗಳ ಸುತ್ತಿನಲ್ಲಿ ಹಗರಿಯ ಪಾತ್ರದಿಂದ ಗಾಳಿಯು ಎತ್ತಿ ತಂದ ಮರಳು ದಿಬ್ಬದಿಬ್ಬಗಳಾಗಿ ಹೊಲಗಳ ಮೇಲೆ ಕುಳಿತಿದೆ. ಮರಳುನೆಲದ ಗಡಿಯನ್ನು ಕಾಣುವುದಕ್ಕೆ ಅರಬ್ಬೀದೇಶದವರೆಗೆ ಪ್ರಯಾಣಮಾಡಬೇಕಾಗಿಲ್ಲ. ಊರ ಹೊಳೆಯ ಗುಂಟ ನಡೆದರೆ ಸಾಕು.

ಗಡಿಯನ್ನು ನಿರ್ಣಯಿಸುವ ಕ್ರಮವು ಭಾರತೀಯರಿಗೆ ತಿಳಿಯದಿದ್ದ ವಿಷಯವಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಸೀಮಾವಿವಾದವೆಂಬ ಪ್ರಕರಣವೇ ಇದೆ. ಎರಡು ಗ್ರಾಮಗಳ ಗಡಿಯನ್ನು ಜ್ಯೇಷ್ಠಮಾಸದಲ್ಲಿ, ಹುಲ್ಲು ಒಣಗಿ ಗುರುತುಗಳು ಕಣ್ಣಿಗೆ ಕಾಣುವ ಕಾಲದಲ್ಲಿ, ನಿರ್ಣಯಿಸತಕ್ಕದ್ದು. ಆಲ, ಅರಳಿ, ಮುತ್ತುಗ, ಬೂರುಗ ಮೊದಲಾದ ಬಹುಕಾಲ ಬಾಳುವ ಮರಗಳನ್ನು ಗಡಿಯಲ್ಲಿ ನೆಡತಕ್ಕದ್ದು. ಗಡಿಗಳು ಕೂಡುವಲ್ಲಿ ಕೆರೆ, ಬಾವಿ, ದೇವಾಲಯಗಳನ್ನು ಮಾಡಿಸತಕ್ಕದ್ದು. ಮೇಲಿನ ಗುರುತು ಅಳಿದರೂ ಒಳಗಿನದು ಉಳಿಯಲೆಂದು ಕಲ್ಲು, ಮೂಳೆ, ಹೊಟ್ಟು, ಬೂದಿ, ಬೋಕಿ, ಇದ್ದಲು ಇವುಗಳನ್ನು ನೆಲದಲ್ಲಿ ಹೂಳತಕ್ಕದ್ದು. ಇಷ್ಟಾದರೂ ಸಂದೇಹ ಬಂದಲ್ಲಿ ಸಾಕ್ಷಿಗಳೇ ಪ್ರಮಾಣ. ಅವರು ಕೆಂಪು ಮಾಲೆಯನ್ನು ಧರಿಸಿ, ತಲೆಯ ಮೇಲೆ ಮಣ್ಣನ್ನು ಹೊತ್ತು, ತಮ್ಮ ತಮ್ಮ ಪುಣ್ಯದ ಮೇಲೆ ಆಣೆಯಿಟ್ಟು ಗಡಿಯನ್ನು ತೋರಿಸಬೇಕು. ಸಾಕ್ಷಿಗಳು ಸಿಗದಿದ್ದರೆ ನೆರೆಯ ನಾಲ್ಕು ಗ್ರಾಮದವರು. ಅವರೂ ಸಿಗದಿದ್ದರೆ ಬೇಡರು, ಗೊಲ್ಲರು, ಬೆಸ್ತರು, ಗೆಡ್ಡೆ ಅಗೆಯುವವರು, ಹಾವು ಹಿಡಿಯುವವರು. ಇವರು ಹೇಳಿದಂತೆ ರಾಜನು ಗಡಿಯನ್ನು ನಿಲ್ಲಿಸಿ, ಹೇಳಿದವರ ಹೆಸರುಗಳನ್ನೂ ಬರೆಯಿಸಿಡಬೇಕು.

ಮನುಸ್ಮೃತಿಯ ಎಲ್ಲ ವಿಧಿಗಳೂ ಇಂದಿಗೆ ಗ್ರಾಹ್ಯವೆಂದು ಯಾರೂ ಹೇಳಲಾರರು. ಅದರಲ್ಲಿ ತ್ಯಾಜ್ಯವಾದದ್ದು ಬಹಳವಿದೆ. ಆದರೆ ವರ್ಣಭೇದವನ್ನು ಅಷ್ಟು ಬಿಗಿಯಾಗಿ ಹಿಡಿದ ಗ್ರಂಥವು ಕೂಡ ನೆಲದ ಗಡಿಯನ್ನು ಕೇಳುವಾಗ ಹಾವಾಡಿಗನ ಬಳಿಗೆ ಹೋಗುತ್ತದೆಂಬುದು ಗಮನಾರ್ಹವಾಗಿದೆ. ನೆಲವನ್ನು ಬಲ್ಲವನು ಅದರ ಮೇಲೆ ನಡೆದಾಡುವವನೇ ಎಂಬ ತತ್ತ್ವವು ಅಲ್ಲಿ ಗೆದ್ದಿದೆ. ಕನ್ನಡನಾಡಿನ ಶಾಸನಗಳಲ್ಲಿಯೂ ಇದೇ ಪದ್ಧತಿಯು ಕಾಣುತ್ತದೆ. ದತ್ತಿಯ ಭೂಮಿಗೆ ಚತುಸ್ಸೀಮೆಯನ್ನು ಹೇಳುವಾಗ ಹುಣಿಸೆಯ ಮರ, ಹಳ್ಳ, ಹುತ್ತ, ಮೊರಡಿ, ನೆಟ್ಟ ಕಲ್ಲು ಇವುಗಳನ್ನು ಒಂದೊಂದಾಗಿ ಹೆಸರಿಸಿ ಹೇಳಿದೆ. ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲನ್ನೂ ವಿಷ್ಣುದೇವಾಲಯದ ಭೂಮಿಗೂ ಅಗ್ರಹಾರದ ಭೂಮಿಗೂ ವಾಮನಮುದ್ರೆಯ ಕಲ್ಲನ್ನೂ ನೆಟ್ಟಿರುವುದನ್ನು ಇಂದಿಗೂ ಹೊಲಗಳ ಬದುವಿನಲ್ಲಿ ಕಾಣಬಹುದು.

ಇದಕ್ಕೆ ಪೂರ್ವಪಕ್ಷವೊಂದುಂಟು. ಸಾಕ್ಷಿಗಳು ಇಲ್ಲದಿದ್ದಲ್ಲಿ ರಾಜನೇ ಗಡಿಯನ್ನು ವಿಧಿಸಬಹುದೆಂದು ಅದೇ ಪ್ರಕರಣದ ಕೊನೆಯಲ್ಲಿ ಹೇಳಿದೆಯಲ್ಲ, ಬ್ರಿಟಿಷರು ಮಾಡಿದ್ದೂ ಅದನ್ನೇ ಅಲ್ಲವೆ, ಎಂದು ಕೇಳಬಹುದು. ಅಲ್ಲ. ಸಾಕ್ಷಿ, ಸಾಮಂತಗ್ರಾಮ, ವನಚರ ಇವರೆಲ್ಲರನ್ನೂ ಕೇಳಿದ ಮೇಲೂ ನಿರ್ಣಯವಾಗದಿದ್ದಲ್ಲಿ ಮಾತ್ರ ರಾಜನಿಗೆ ಆ ಅಧಿಕಾರ. ಅದೂ ಧರ್ಮವನ್ನು ಬಲ್ಲವನಿಗೆ. ಯಾರನ್ನೂ ಕೇಳದೆಯೇ ಮೊದಲು ಗೆರೆಯನ್ನೆಳೆಯುವ ಅಧಿಕಾರವು ಯಾರಿಗೂ ಇಲ್ಲ.

ಈ ಅಳತೆಗೋಲನ್ನು ಹಿಡಿದು ಈಗ 1799ನೆಯ ಇಸವಿಯನ್ನು ನೋಡಬೇಕು. ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಜೂನ್ 22ರಂದು, ಎಂದರೆ ಏಳು ವಾರಗಳೊಳಗಾಗಿ, ಮೈಸೂರು ರಾಜ್ಯದ ವಿಭಾಗಪತ್ರವು ಸಿದ್ಧವಾಯಿತು. ಆ ಪತ್ರದಲ್ಲಿ ಮರವಿಲ್ಲ, ಹಳ್ಳವಿಲ್ಲ, ನೆಟ್ಟ ಕಲ್ಲಿಲ್ಲ. ತಾಲ್ಲೂಕುಗಳ ಹೆಸರು, ಅದರ ಮುಂದೆ ಕಂಠೀರಾಯಿ ವರಹಗಳ ಲೆಕ್ಕ, ಇಷ್ಟೇ. ಕುಟುಂಬಗಳ ಜೀವನಾಂಶವನ್ನೂ ಜಹಗೀರನ್ನೂ ಕಳೆದು ಕಂಪೆನಿಗೆ 5,37,170, ನಿಜಾಮನಿಗೆ 5,37,332, ಕರಾರಿಗೆ ಒಪ್ಪುವುದಾದರೆ ಪೇಶ್ವೆಗೆ 2,63,957, ಉಳಿದ 13,74,076 ವರಹಗಳ ನೆಲ ಮೈಸೂರಿನ ಅರಸನಿಗೆ. ಪೇಶ್ವೆಯು ಒಪ್ಪಲಿಲ್ಲ, ಅವನ ಪಾಲನ್ನು ಕಂಪೆನಿಯೂ ನಿಜಾಮನೂ ಹಂಚಿಕೊಂಡರು. ಕಂಪೆನಿಯ ಪಾಲೂ ನಿಜಾಮನ ಪಾಲೂ ನೂರಾರು ವರಹಗಳ ಅಂತರದಲ್ಲಿ ಸಮನಾಗಿರುವುದನ್ನು ವಾಚಕರು ಕಂಡಿರಬಹುದು. ತೂಗಿದ್ದು ಹಣವನ್ನು, ನೆಲವೂ ಜನವೂ ತಕ್ಕಡಿಯ ಬಟ್ಟಲಿಗೆ ಬಿದ್ದ ಕಲ್ಲುಗಳು. ಕರ್ನಲ್ ಕಾಲಿನ್ ಮೆಕೆಂಜಿಯು ಮೈಸೂರಿನ ಭೂಮಿಯನ್ನು ಕ್ರಮವಾಗಿ ಅಳೆಯಿಸಿದ್ದು ಈ ವಿಭಾಗವಾದ ಮೇಲೆ. ಮೊದಲು ಹಂಚಿದರು, ಹಂಚಿದ್ದೇನೆಂಬುದನ್ನು ತಿಳಿಯುವುದಕ್ಕಾಗಿ ಅನಂತರ ಅಳೆದರು.

ಇನ್ನು ರುಜುವಿನ ಮಾತು. ವಿಭಾಗಪತ್ರದಲ್ಲಿ ಮೈಸೂರಿನ ಅರಸನು ಪಕ್ಷಗಾರನೇ ಅಲ್ಲ. ಅದು ಕಂಪೆನಿಗೂ ನಿಜಾಮನಿಗೂ ಆದದ್ದು, ಪೇಶ್ವೆಗೆ ಬಾಗಿಲು ತೆರೆದಿಟ್ಟದ್ದು. ಮೈಸೂರಿನ ಹೆಸರಿನಲ್ಲಿ ಬೇರೊಂದು ಪತ್ರವು ಜುಲೈ 8ರಂದು ಆಯಿತು. ಅದರ ಮೂಲಕ ವರ್ಷಕ್ಕೆ ಏಳು ಲಕ್ಷ ವರಹಗಳ ಪೊಗದಿಯೂ, ಬೇಕೆನಿಸಿದಾಗ ಆಡಳಿತವನ್ನೇ ವಹಿಸಿಕೊಳ್ಳುವ ಹಕ್ಕೂ ಕಂಪೆನಿಗೆ ಬಂದವು. ಅಂದು ಸಿಂಹಾಸನದ ಮೇಲಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಐದು ವರ್ಷಗಳೂ ತುಂಬಿರಲಿಲ್ಲ. ಮಹಾರಾಣಿ ಲಕ್ಷ್ಮಮ್ಮಣ್ಣಿಯವರೂ ಪೂರ್ಣಯ್ಯನವರೂ ಆ ಸ್ಥಿತಿಯಲ್ಲಿ ಮಾಡಬಹುದಾಗಿದ್ದುದನ್ನು ಮಾಡಿದರು. ಅವರನ್ನು ದೂಷಿಸುವುದು ಅನ್ಯಾಯವಾದೀತು. ಆದರೆ ಮತ್ತನೂ ಉನ್ಮತ್ತನೂ ಆರ್ತನೂ ಪರಾಧೀನನೂ ಬಾಲನೂ ಮಾಡಿದ ವ್ಯವಹಾರವು ಸಿದ್ಧಿಸದೆಂದೂ, ಬಲಾತ್ಕಾರದಿಂದ ಬರೆಯಿಸಿದ್ದು ಬರೆಯದಿದ್ದುದಕ್ಕೆ ಸಮವೆಂದೂ ಧರ್ಮಶಾಸ್ತ್ರವು ಹೇಳುತ್ತದೆ. ಆಂಗ್ಲರ ವ್ಯವಹಾರಶಾಸ್ತ್ರವೂ ಇದನ್ನೇ ಹೇಳುತ್ತದೆ. ಒಂದು ಎಮ್ಮೆಯ ಕ್ರಯಪತ್ರದಲ್ಲಿ ಎರಡು ಶಾಸ್ತ್ರಗಳೂ ಒಪ್ಪದ ಕ್ರಮವು ಒಂದು ರಾಜ್ಯದ ವಿಷಯದಲ್ಲಿ ಹೇಗೆ ಒಪ್ಪಿತವಾಯಿತು?

ಅನಂತರದ ಕಥೆಯು ಇನ್ನೂ ಸುಲಭ. 1800ರಲ್ಲಿ ನಿಜಾಮನು 1792ರಲ್ಲಿಯೂ 1799ರಲ್ಲಿಯೂ ತನಗೆ ಬಂದ ನೆಲವನ್ನು ಕಂಪೆನಿಗೇ ಬಿಟ್ಟುಕೊಟ್ಟನು; ಬಳ್ಳಾರಿಯೂ ರಾಯದುರ್ಗವೂ ಮದರಾಸಿಗೆ ಸೇರಿದವು. 1803ರ ಪೂರಕಪತ್ರದಲ್ಲಿ ಹೊಳಲ್ಕೆರೆ, ಮಾಯಕೊಂಡ, ಹರಿಹರಗಳು ಬೇರೆ ಕೆಲವು ಸೀಮೆಗಳಿಗೆ ಬದಲಾಗಿ ಮೈಸೂರಿಗೆ ಬಂದವು. ಹೊಳಲ್ಕೆರೆಯ ಒಕ್ಕಲಿಗನು ನಾಲ್ಕೈದು ವರ್ಷಗಳಲ್ಲಿ ಮೂರು ದೊರೆತನಗಳ ಪಟ್ಟಿಯಲ್ಲಿ ಬಂದುಹೋದನು. ಅವನು ಹೂಡುತ್ತಿದ್ದ ಹೊಲ ಮಾತ್ರ ಒಂದೇ.

ಗೆರೆಯನ್ನು ನೆಲದ ಮೇಲೆ ಎಳೆದದ್ದಾಯಿತು. ನೀರಿನ ಮೇಲೆ ಎಳೆದದ್ದು 1892ರಲ್ಲಿ. ಅದಕ್ಕೆ ಮುಂಚೆ, 1831ರಿಂದ 1881ರವರೆಗೆ 50 ವರ್ಷಗಳ ಕಾಲ ಮೈಸೂರು ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದಿತು. ಮೇಲಿನ ಸೀಮೆಯೂ ಕೆಳಗಿನ ಸೀಮೆಯೂ ಒಂದೇ ಯಜಮಾನನ ವಶದಲ್ಲಿದ್ದಾಗ ನೀರಿನ ಜಗಳಕ್ಕೆ ಎಡೆಯಿರಲಿಲ್ಲ. 1881ರ ಮಾರ್ಚ್ 25ರಂದು ರಾಜ್ಯವನ್ನು ಹಿಂದಕ್ಕೆ ಕೊಟ್ಟಾಗ, ಆಡಳಿತದ ಮುಖ್ಯ ವಿಷಯಗಳಲ್ಲಿ ಗವರ್ನರ್ ಜನರಲನ ಸಲಹೆಯಂತೆ ನಡೆಯತಕ್ಕದ್ದೆಂಬ ಕರಾರಿನ ಮೇಲೆ ಕೊಟ್ಟರು. ಮೈಸೂರು ತನ್ನ ಹಾಳುಬಿದ್ದ ಕೆರೆಗಳನ್ನು ಸರಿಪಡಿಸಿ ಹೊಸ ಕಟ್ಟೆಗಳನ್ನು ಕಟ್ಟಲು ತೊಡಗಿದೊಡನೆ ಮದರಾಸಿನಿಂದ ಆಕ್ಷೇಪ ಬಂದಿತು. 1890ರಲ್ಲಿ ಉದಕಮಂಡಲದಲ್ಲಿ ಸಭೆ ನಡೆಯಿತು. 1892ರ ಫೆಬ್ರವರಿ 18ರಂದು ಒಪ್ಪಂದವಾಯಿತು. ಅದರ ಸಾರವಿಷ್ಟು: ಪಟ್ಟಿಯಲ್ಲಿ ಹೇಳಿದ ಮುಖ್ಯ ನದಿಗಳಿಗೆ ಅಡ್ಡಲಾಗಿ ಮೈಸೂರು ಹೊಸ ಜಲಾಶಯವನ್ನು ಮದರಾಸು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕಟ್ಟಕೂಡದು. ಪಟ್ಟಿಯಲ್ಲಿ ತುಂಗೆ, ಭದ್ರೆ, ಕಾವೇರಿ, ಹೇಮಾವತಿಗಳ ಜತೆಗೆ ಹಗರಿ ಅಥವಾ ವೇದಾವತಿಯ ಹೆಸರೂ ಇದೆ. ಅಯ್ಯನಕೆರೆಯಿಂದ ಹೊರಟ ನೀರಿಗೆ ಅಂದಿನಿಂದ ಇಬ್ಬರು ಯಜಮಾನರು.

ನ್ಯಾಯವಾಗಿ ಹೇಳಬೇಕಾದರೆ, ಮದರಾಸಿನ ಕಡೆಯಲ್ಲಿಯೂ ನಿಜವಾದ ಹಕ್ಕು ಇದ್ದಿತು. ತಂಜಾವೂರಿನ ಗದ್ದೆಗಳು ಬಹು ಪ್ರಾಚೀನವಾದವು; ಕೆಳಗಿನ ರೈತನ ಬಾಯಾರಿಕೆಯು ಮೇಲಿನವನದಕ್ಕಿಂತ ಕಡಮೆಯದಲ್ಲ. ಮೊದಲೇ ಸಿದ್ಧವಾಗಿದ್ದ ಹಕ್ಕಿನ ರಕ್ಷಣೆಗಾಗಿಯಲ್ಲದೆ ಮದರಾಸು ಅನುಮತಿಯನ್ನು ನಿರಾಕರಿಸಕೂಡದೆಂದೂ, ವಿವಾದ ಬಂದರೆ ಮಧ್ಯಸ್ಥರಿಗೆ ಒಪ್ಪಿಸತಕ್ಕದ್ದೆಂದೂ ಪತ್ರದಲ್ಲಿಯೇ ಬರೆದಿದೆ. ಆಕ್ಷೇಪವಿರುವುದು ಹಕ್ಕಿಗಲ್ಲ, ಕ್ರಮಕ್ಕೆ. ಮೇಲಿನವನು ಕೇಳಬೇಕು, ಕೆಳಗಿನವನು ಕೇಳಬೇಕಾಗಿಲ್ಲ. ಮದರಾಸು ಸರ್ಕಾರವು ಯಾರಿಗೆ ಅಧೀನವೋ ಆ ಸಾರ್ವಭೌಮನೇ ಮೈಸೂರಿಗೆ ಸಲಹೆಯ ಹೆಸರಿನಲ್ಲಿ ಆಜ್ಞೆ ಮಾಡತಕ್ಕವನು. ವಾದಿಯೂ ಧರ್ಮಾಧಿಕಾರಿಯೂ ಒಂದೇ ಮನೆಯವರಾದಲ್ಲಿ ಪ್ರತಿವಾದಿಯ ರುಜುವಿಗೆ ಬೆಲೆಯೆಷ್ಟು?

ಈ ಕ್ರಮವು ಮೈಸೂರಿಗಾಗಿಯೇ ಹುಟ್ಟಿದ್ದೆಂದು ಭಾವಿಸಲಾಗದು. ದೇಶೀಯ ಸಂಸ್ಥಾನಗಳೊಡನೆ ವ್ಯವಹರಿಸುತ್ತಿದ್ದ ಭಾರತ ಸರ್ಕಾರವೇ ಪಾರಸಿಯ ಕೊಲ್ಲಿಯ ತೀರದ ಅರಬ್ಬೀ ಶೇಖರೊಡನೆಯೂ ವ್ಯವಹರಿಸುತ್ತಿದ್ದಿತು. ಬುಶೈರಿನಲ್ಲಿದ್ದ ರೆಸಿಡೆಂಟನು ಅದರ ಅಧಿಕಾರಿ. ಒಂದೇ ಇಲಾಖೆ, ಒಂದೇ ಲೇಖನಿ. 1899ರ ಜನವರಿ 23ರಂದು ಕುವೈತಿನ ಶೇಖ್ ಮುಬಾರಕನಿಂದ ಒಂದು ಗುಪ್ತಪತ್ರವನ್ನು ಬರೆಯಿಸಿಕೊಂಡರು. ತನ್ನ ನೆಲದಲ್ಲಿ ಯಾವ ಭಾಗವನ್ನೂ ಬ್ರಿಟಿಷರ ಪೂರ್ವಾನುಮತಿಯಿಲ್ಲದೆ ಪರರಿಗೆ ಕೊಡಲಾಗದು, ಮಾರಲಾಗದು, ಅಡವಿಡಲಾಗದು. ಪ್ರತಿಫಲ 15,000 ರೂಪಾಯಿ. ಆ ಹಣವೂ ಭಾರತದ ನಾಣ್ಯದಲ್ಲಿ. ಮೈಸೂರಿನ ಪತ್ರವಾಗಿ ಏಳು ವರ್ಷಗಳಾಗಿದ್ದವು. ಒಂದರಲ್ಲಿ ನೀರು, ಇನ್ನೊಂದರಲ್ಲಿ ಮರಳು. 'ಪೂರ್ವಾನುಮತಿಯಿಲ್ಲದೆ' ಎಂಬ ಮಂತ್ರ ಮಾತ್ರ ಎರಡರಲ್ಲಿಯೂ ಒಂದೇ.

ಆ ಮಂತ್ರದ ಫಲವು 1922ರ ಕೊನೆಯಲ್ಲಿ ಉಕೈರ್ ಎಂಬ ಕಡಲತೀರದ ಠಾಣ್ಯದಲ್ಲಿ ಕಂಡಿತು. ನಜ್ದಿನ ಇಬ್ನ್ ಸೌದ್, ಇರಾಕಿನ ಪ್ರತಿನಿಧಿ, ಇವರ ನಡುವೆ ಸರ್ ಪರ್ಸಿ ಕಾಕ್ಸ್. ಈ ಕಾಕ್ಸನು ಭಾರತದ ಸೈನ್ಯದಲ್ಲಿಯೂ ರಾಜಕೀಯ ಇಲಾಖೆಯಲ್ಲಿಯೂ ಪಳಗಿ, ಬುಶೈರಿನ ರೆಸಿಡೆಂಟನಾಗಿದ್ದವನು. ಮರುಭೂಮಿಯಲ್ಲಿ ಗಡಿಯು ಗೆರೆಯಲ್ಲ, ಬಾವಿಗಳ ಮೇಲೂ ಮೇವಿನ ಮೇಲೂ ಆಯಾ ಗೋತ್ರಕ್ಕಿರುವ ಹಕ್ಕೇ ಗಡಿಯೆಂಬುದು ಇಬ್ನ್ ಸೌದನ ವಾದ. ಅವನಿಗೆ ತನ್ನ ರಾಜ್ಯವಿಸ್ತಾರದ ಆಸೆಯೂ ಇದ್ದಿತೆಂಬುದು ನಿಜವೇ. ಆದರೆ ವಾದದಲ್ಲಿ ಸತ್ಯವಿದ್ದಿತು. ಮಳೆ ಬಿದ್ದ ಕಡೆಗೆ ಒಂಟೆಯನ್ನು ಹೊಡೆದುಕೊಂಡು ಹೋಗುವವನಿಗೆ ಕಾಗದದ ಗೆರೆಯು ಕಾಣುವುದೆಂತು? ಐದಾರು ದಿನಗಳ ಚರ್ಚೆಯು ಮುಗಿಯದಿರಲು ಕಾಕ್ಸನು ಕೆಂಪು ಪೆನ್ಸಿಲನ್ನು ತೆಗೆದು ನಕ್ಷೆಯ ಮೇಲೆ ತಾನೇ ಗೆರೆಯನ್ನೆಳೆದನೆಂದು ಆ ಸಭೆಯಲ್ಲಿದ್ದ ಡಿಕ್ಸನ್ ಬರೆದಿಟ್ಟಿದ್ದಾನೆ. ಹಿಂದೆ 1913ರಲ್ಲಿ ತುರ್ಕಿಯವರೊಡನೆ ಮಾಡಿ ಸ್ಥಿರಪಡದೆ ಹೋದ ಕರಾರಿನಲ್ಲಿ ಕುವೈತಿಗೆಂದು ತೋರಿಸಿದ್ದ ನೆಲದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನಜ್ದಿಗೆ ಹೋಯಿತು. ಕುವೈತಿನ ಶೇಖನು ಸಭೆಯಲ್ಲಿಯೇ ಇರಲಿಲ್ಲ; ಅವನ ಪರವಾಗಿದ್ದವನು ಬ್ರಿಟಿಷರ ಅಧಿಕಾರಿಯೇ. ಪೂರ್ವಾನುಮತಿಯಿಲ್ಲದೆ ಅಂಗೈಯಗಲ ನೆಲವನ್ನೂ ಕೊಡಕೂಡದೆಂದು ಬರೆಯಿಸಿಕೊಂಡವರು ಅವನನ್ನು ಕೇಳದೆಯೇ ದೇಶದ ದೊಡ್ಡ ಪಾಲನ್ನು ಕೊಟ್ಟುಬಿಟ್ಟರು. ಹೀಗೆ ಎಳೆದ ಗಡಿಗಳು ಆ ಪ್ರಾಂತಕ್ಕೆ ನೆಮ್ಮದಿಯನ್ನು ತರಲಿಲ್ಲವೆಂಬುದಕ್ಕೆ 1990ರಲ್ಲಿ ಇರಾಕು ಕುವೈತಿನ ಮೇಲೆ ಬಿದ್ದದ್ದೇ ಸಾಕ್ಷಿ. ಹಾವಾಡಿಗನನ್ನೂ ಕೇಳಬೇಕೆಂದ ಸ್ಮೃತಿಕಾರನೆಲ್ಲಿ, ಶೇಖನನ್ನೂ ಕೇಳದ ಈ ರಾಜಕಾರಣವೆಲ್ಲಿ!

ಮೈಸೂರಿನ ಅನುಭವವೂ ಇದಕ್ಕೆ ಸಮೀಪದ್ದೇ. ಕನ್ನಂಬಾಡಿಯ ಕಟ್ಟೆಯ ವಿಷಯದಲ್ಲಿ ವಿವಾದವು ಬಂದಾಗ 1892ರ ಪತ್ರದಂತೆ ಮಧ್ಯಸ್ಥನನ್ನು ನೇಮಿಸಿದರು. ಗ್ರಿಫಿನ್ ಎಂಬ ನ್ಯಾಯಾಧೀಶನು 1914ರಲ್ಲಿ ಕೊಟ್ಟ ತೀರ್ಪು ಬಹುಮಟ್ಟಿಗೆ ಮೈಸೂರಿಗೆ ಅನುಕೂಲವಾಗಿದ್ದಿತು. ಭಾರತ ಸರ್ಕಾರವು 1916ರಲ್ಲಿ ಅದನ್ನು ಸ್ಥಿರಪಡಿಸಿತು. ಮದರಾಸು ಲಂಡನ್ನಿಗೆ ಮೊರೆಯಿಟ್ಟಿತು. ಈ ನಡುವೆ ಮೈಸೂರಿನ ಅಶ್ವದಳವು ಸಾಮ್ರಾಜ್ಯದ ಪರವಾಗಿ ಪ್ಯಾಲೆಸ್ಟೈನಿಗೆ ಹೋಗಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದವರೊಡನೆ ಕೂಡಿ ಹೈಫಾ ಪಟ್ಟಣವನ್ನು ಗೆದ್ದುಕೊಟ್ಟಿತು. 1919ರಲ್ಲಿ ಲಂಡನ್ನಿನ ಭಾರತಮಂತ್ರಿಯು ಮೈಸೂರಿಗೆ ಅನುಕೂಲವಾದ ತೀರ್ಪನ್ನು ತಳ್ಳಿಹಾಕಿದನು. ಪತ್ರದಲ್ಲಿದ್ದ ಮಧ್ಯಸ್ಥಿಕೆಯೆಂಬ ಒಂದೇ ಒಂದು ರಕ್ಷೆಯೂ ಬಲಿಷ್ಠನಿಗೆ ಬೇಡವಾದಾಗ ಹೀಗೆ ಕೈಬಿಟ್ಟಿತು. ಅನಂತರ 1924ರಲ್ಲಿ, ಅದೇ ಫೆಬ್ರವರಿ 18ರಂದು, ಎರಡನೆಯ ಒಪ್ಪಂದವಾಯಿತು.

ಇದೆಲ್ಲವೂ ಮುಗಿದ ಇತಿಹಾಸವೆನ್ನುವವರು 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಕಾವೇರಿಯ ವಿಷಯದಲ್ಲಿ ಕೊಟ್ಟ ತೀರ್ಪನ್ನು ನೋಡಬೇಕು. ಸಮಾನರಲ್ಲದವರ ನಡುವೆ ಆದ ಈ ಒಪ್ಪಂದಗಳು ಕಟ್ಟುಪಾಡಲ್ಲವೆಂದು ಕರ್ನಾಟಕವು ವಾದಿಸಿತು. ನ್ಯಾಯಾಲಯವು ಆ ವಾದವನ್ನು ಅಂಗೀಕರಿಸಲಿಲ್ಲ. ಸಂವಿಧಾನವು ಬಂದ ಮೇಲೂ ರಾಜ್ಯವು ಅವುಗಳನ್ನು ತಿರಸ್ಕರಿಸಲಿಲ್ಲವೆಂಬುದು ಮುಖ್ಯ ಕಾರಣಗಳಲ್ಲಿ ಒಂದು. 1924ರ ಒಪ್ಪಂದವು 50 ವರ್ಷಗಳ ಬಳಿಕ 1974ರಲ್ಲಿ ಮುಗಿದುಹೋಯಿತೆಂದು ಹೇಳಿ, ಬೇರೆ ಕಾರಣಗಳಿಂದ ಕರ್ನಾಟಕದ ಪಾಲಿಗೆ 14.75 ಟಿ.ಎಂ.ಸಿ. ನೀರನ್ನು ಹೆಚ್ಚಿಸಿತು. ತೀರ್ಪು ತೀರ್ಪೇ, ಅದಕ್ಕೆ ತಲೆಬಾಗತಕ್ಕದ್ದು. ಆದರೆ ಅದರಿಂದ ಕಲಿಯಬೇಕಾದ ಪಾಠವೊಂದಿದೆ. ಮೌನವು ಸಮ್ಮತಿಯ ಲಕ್ಷಣವೆಂಬ ಗಾದೆಯು ಇಲ್ಲಿ ಅಕ್ಷರಶಃ ಫಲಿಸಿತು. ಅಧೀನರಾಗಿದ್ದವರು ಮಾಡಿದ ರುಜುವಿಗೆ ಸ್ವತಂತ್ರರಾದವರ ಮೌನವು ಮುದ್ರೆಯಾಯಿತು. "ಹಳೆಯ ಪತ್ರವನ್ನು ಕೆದಕಿ ಫಲವೇನು?" ಎಂದು ಕೇಳುತ್ತಿದ್ದ ವಿದ್ಯಾವಂತರು ತಮಗೆ ತಿಳಿಯದೆಯೇ ಆ ಪತ್ರಗಳಿಗೆ ವರ್ಷವರ್ಷವೂ ಹೊಸದಾಗಿ ರುಜು ಹಾಕುತ್ತಿದ್ದರು.

ಇನ್ನೊಂದು ಪೂರ್ವಪಕ್ಷವು ಉಳಿದಿದೆ. ಇದು ಹೆಚ್ಚು ಬಲವಾದದ್ದು. ಅನ್ಯಾಯವಾಗಿ ಎಳೆದ ಗಡಿಗಳನ್ನೆಲ್ಲ ಅಳಿಸುತ್ತ ಹೋದರೆ ಜಗತ್ತಿನಲ್ಲಿ ಯಾವ ಗಡಿಯೂ ಉಳಿಯದು, ಕಲಹವೊಂದೇ ಉಳಿದೀತು ಎಂಬುದು. ಈ ಮಾತಿನಲ್ಲಿ ತಥ್ಯವಿದೆ. ಕಲ್ಲುಗಳನ್ನು ಕಿತ್ತು ಹೊಸ ಜಗಳಗಳನ್ನು ನೆಡಬೇಕೆಂದು ಇಲ್ಲಿ ಹೇಳುತ್ತಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಬಹುಭಾಗವು ಮೈಸೂರಿಗೆ ಬಂದಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರದಲ್ಲಿ ನಿಂತವು. ಸ್ವತಂತ್ರ ಭಾರತದವರೇ ಮಾಡಿದ ಆ ಹಂಚಿಕೆಯಲ್ಲಿ ಭಾಷೆಯನ್ನು ಎಣಿಸಿದ್ದು ತಾಲ್ಲೂಕಿನ ಲೆಕ್ಕದಲ್ಲಿ. ತಾಲ್ಲೂಕುಗಳಾದರೋ ಕಂದಾಯಕ್ಕಾಗಿ ಪರರು ಕಟ್ಟಿದ ಚೌಕಟ್ಟುಗಳು. ಚೌಕಟ್ಟನ್ನು ಬದಲಿಸದೆ ಚಿತ್ರವನ್ನು ಮಾತ್ರ ತೆಗೆದು ತೂಗಿದಂತಾಯಿತು. ಅದನ್ನು ಇಂದು ಕೆಡಿಸಬೇಕೆಂದಲ್ಲ. ಅದನ್ನು ದೈವವಿಹಿತವೆಂದು ಪೂಜಿಸಬೇಕಾಗಿಲ್ಲವೆಂದು ಮಾತ್ರ.

ಮೈಸೂರಿನವರೂ ಈ ವಿಚಾರಣೆಯಲ್ಲಿ ಕೈತೊಳೆದುಕೊಂಡು ನಿಲ್ಲುವಂತಿಲ್ಲ. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆಯು ಮೈಸೂರಿನ ಹೆಮ್ಮೆಯ ಕೃತಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದ ಈ ಜಲಾಶಯವು ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಬಳಿಕ, 2022ರಲ್ಲಿ. ಅಷ್ಟು ವರ್ಷಗಳೂ ಆ ಕೋಡಿಯ ನೀರು ಕೆಳಗಿನ ಪಾತ್ರಕ್ಕೆ ಬರಲಿಲ್ಲವೆಂಬುದು ಇದರ ಇನ್ನೊಂದು ಮುಖ. ಚಳ್ಳಕೆರೆಯ ಕೆಳಗಣವರನ್ನೂ ರಾಯದುರ್ಗದ ಕನ್ನಡಿಗರನ್ನೂ ತೆಲುಗರನ್ನೂ ಯಾರು ಕೇಳಿದರು? ಭೈರವಾನಿತಿಪ್ಪೆಯ ಅಣೆಕಟ್ಟು ತುಂಬುವುದು ಅಪೂರ್ವವಾಗಿರುವುದಕ್ಕೆ ಮಳೆಯೊಂದೇ ಕಾರಣವಲ್ಲ. ಪರರ ಅಪ್ಪಣೆಯನ್ನು ಖಂಡಿಸುವವರು ತಮ್ಮ ಅಪ್ಪಣೆಯನ್ನೂ ಅದೇ ಅಳತೆಗೋಲಿನಿಂದ ಅಳೆಯಬೇಕು. ಇಲ್ಲದಿದ್ದರೆ ಅದು ನ್ಯಾಯದ ಮಾತಾಗದು, ಸೋತವನ ಗೊಣಗಾಟವಾದೀತು.

ಜನರ ಸಾಕ್ಷ್ಯದಿಂದ ದೂರವಾದ ಗಡಿಯು ಎಷ್ಟು ದುರ್ಬಲವೆಂಬುದನ್ನು ಬಳ್ಳಾರಿಯ ಗುಡ್ಡಗಳು ತೋರಿಸಿಕೊಟ್ಟಿವೆ. ಕರ್ನಾಟಕ ಆಂಧ್ರಗಳ ಅಂಚಿನಲ್ಲಿ ಕಬ್ಬಿಣದ ಅದಿರನ್ನು ಅಗೆಯುತ್ತಿದ್ದ ಕಾಲದಲ್ಲಿ, 2006ರಲ್ಲಿ, ಸುಗ್ಗಲಮ್ಮದೇವಿಯ ಹಳೆಯ ಗುಡಿಯು ಸಿಡಿಮದ್ದಿನಿಂದ ಧ್ವಂಸವಾಯಿತು. ಗಡಿಯ ಗುರುತುಗಳು ಅಳಿದುಹೋದವೆಂಬ ದೂರು ಲೋಕಾಯುಕ್ತರ ಮುಂದೆಯೂ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಹೋಗಿ, ಭಾರತ ಸರ್ವೇಕ್ಷಣ ಇಲಾಖೆಯವರು ಹಳೆಯ ನಕ್ಷೆಗಳನ್ನು ಹಿಡಿದು ಗಡಿಯನ್ನು ಮತ್ತೆ ಹುಡುಕಬೇಕಾಯಿತು. ಗಡಿಗಳ ಸಂಧಿಯಲ್ಲಿ ದೇವಾಲಯವನ್ನು ಕಟ್ಟಿಸತಕ್ಕದ್ದೆಂದು ಹಿಂದಿನವರು ಏಕೆ ಹೇಳಿದರೆಂಬುದು ಆಗ ಹಲವರಿಗೆ ತಿಳಿದಿರಬಹುದು. ಗುಡಿಗೆ ಬರುವ ಹತ್ತಾರು ಹಳ್ಳಿಯವರು ಗಡಿಗೆ ಸಾಕ್ಷಿಗಳು. ನಕ್ಷೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬಹುದು. ಜಾತ್ರೆಗೆ ಬೀಗ ಹಾಕಲಾಗದು.

ಆದಕಾರಣ ಆಗಬೇಕಾದದ್ದು ಮೂರು ಕಾರ್ಯಗಳು, ಒಂದೂ ಅಸಾಧ್ಯವಾದದ್ದಲ್ಲ. 1799, 1892, 1924ರ ಪತ್ರಗಳ ಪೂರ್ಣಪಾಠವು ಸರಳವಾದ ಕನ್ನಡದಲ್ಲಿ ಪ್ರತಿಯೊಂದು ತಾಲ್ಲೂಕಿನ ಪುಸ್ತಕಭಂಡಾರದಲ್ಲಿಯೂ ಇರಬೇಕು. ಓದದೆ ಗೌರವಿಸುವುದೂ ಓದದೆ ದೂಷಿಸುವುದೂ ಎರಡೂ ನಿಲ್ಲಬೇಕು. ರಾಜ್ಯದ ಗಡಿಯನ್ನು ಅಳೆಯುವಾಗಲೆಲ್ಲ ಎರಡು ಕಡೆಯ ಹಳ್ಳಿಗಳ ಹಿರಿಯರೂ ಕುರಿಗಾಹಿಗಳೂ ಜತೆಯಲ್ಲಿ ನಡೆದು, ಅವರ ಹೆಸರುಗಳು ದಾಖಲೆಯಲ್ಲಿ ಸೇರಬೇಕು. ಮೂರನೆಯದಾಗಿ, ಅಯ್ಯನಕೆರೆಯಿಂದ ಹಿಡಿದು ತುಂಗಭದ್ರೆಯ ಸಂಗಮದವರೆಗಿನ ವೇದಾವತಿಯ ಮಕ್ಕಳು, ಕನ್ನಡದವರೂ ತೆಲುಗಿನವರೂ, ಸರ್ಕಾರಗಳು ಕರೆಯುವವರೆಗೆ ಕಾಯದೆ ಒಮ್ಮೆ ಒಂದೆಡೆ ಕುಳಿತು ಮಾತನಾಡಬೇಕು. ಒಂದೇ ನದಿಯ ನೀರು ಕುಡಿದವರು ಇಲ್ಲಿಯವರೆಗೆ ಒಬ್ಬರ ಮುಖವನ್ನೊಬ್ಬರು ನೋಡಿದ್ದು ನ್ಯಾಯಾಲಯದ ಕಾಗದಗಳಲ್ಲಿ ಮಾತ್ರ.

ಅಯ್ಯನಕೆರೆಯ ವಿಷಯದಲ್ಲಿ ಸಖರಾಯಪಟ್ಟಣದವರು ಹೇಳುವ ಐತಿಹ್ಯವೊಂದು ಇಲ್ಲಿ ನೆನೆಯತಕ್ಕದ್ದಾಗಿದೆ. ಕೆರೆಯು ಒಡೆಯುವ ಸ್ಥಿತಿಗೆ ಬಂದಾಗ ಗಂಗಮ್ಮನು ನೀರುಗಂಟಿ ಹೊನ್ನಬಿಲ್ಲನಿಗೆ ಅದನ್ನು ತಿಳಿಸಿದಳು. ದೊರೆ ರುಕ್ಮಾಂಗದರಾಯನಿಗೆ ಸುದ್ದಿ ಮುಟ್ಟಿಸಿ ತಾನು ಹಿಂದಿರುಗುವವರೆಗೆ ತಡೆಯಬೇಕೆಂದು ಅವನು ಬೇಡಿದನು. ಅವಳು ಮಾತು ಕೊಟ್ಟಳು. ಸುದ್ದಿಯನ್ನು ಕೇಳಿದ ದೊರೆಯು, ಇವನು ಹಿಂದಿರುಗದಿದ್ದರೆ ಕೆರೆ ಎಂದಿಗೂ ಒಡೆಯದೆಂದು ಯೋಚಿಸಿ, ಅವನನ್ನು ಕೊಲ್ಲಿಸಿದನು. ಗಂಗಮ್ಮನು ಕೊಟ್ಟ ಮಾತಿಗೆ ಕಟ್ಟುಬಿದ್ದಳು; ಕೆರೆಯು ಉಳಿಯಿತು. ಒಪ್ಪಂದವು ನಿಂತದ್ದು ಸಾಕ್ಷಿಯು ಹಿಂದಿರುಗಿ ಬಾರದಂತೆ ಮಾಡಿದ್ದರಿಂದ. ದೊರೆಯ ಯುಕ್ತಿಯನ್ನು ಊರು ಮರೆತಿಲ್ಲ. ಆದರೆ ಕೆರೆ ತುಂಬಿದಾಗ ಪೂಜೆಯು ಸಲ್ಲುತ್ತ ಬಂದದ್ದು ರಂಗನಾಥನ ಗುಡಿಯ ಬಳಿಯಲ್ಲಿರುವ ಹೊನ್ನಬಿಲ್ಲನಿಗೆ. ಗೆರೆಯನ್ನೆಳೆದವರ ಹೆಸರುಗಳು ಪತ್ರಗಳಲ್ಲಿ ಭದ್ರವಾಗಿವೆ. ಆ ಗೆರೆಯ ಮೇಲೆ ಬದುಕಿದವರ ಹೆಸರುಗಳನ್ನು ಬರೆಯುವ ಕೆಲಸವು ಇನ್ನೂ ಬಾಕಿಯಿದೆ.